ಐಇಎಲ್‌ಟಿಎಸ್ ರೀಡಿಂಗ್: ಪ್ಯಾಸೇಜಿನಲ್ಲಿ ಇರುವುದನ್ನು ಮಾತ್ರ ಓದುವುದು ಹೇಗೆ?

ನರ್ಸಿಂಗ್ ಮುಗಿಸಿ ಹೊರದೇಶದ ಕೆಲಸ ನೋಡುತ್ತಿರುವವರು, ಡಿಗ್ರಿ ಆದ ಮೇಲೆ ಅಲ್ಲಿಗೆ ಓದೋಕೆ ಹೊರಟವರು, ಗಂಡನೋ ಹೆಂಡತಿಯೋ ಆಗಲೇ ಅಲ್ಲಿದ್ದು ಈಗ ತಾವೂ ಹೋಗಬೇಕು ಅನ್ನುವವರು. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಎಲ್ಲಿ ನೋಡಿದರೂ ಇಂಥವರು ಸಿಗುತ್ತಾರೆ. ಇವರಲ್ಲಿ ಬಹಳ ಜನರ ದಾರಿಗೆ ಅಡ್ಡ ನಿಲ್ಲುವುದು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಅಂತ ನಾಲ್ಕು ಭಾಗ. ಸ್ಪೀಕಿಂಗ್ ಅಂದರೆ ಎಲ್ಲರಿಗೂ ಭಯ. ಅದಕ್ಕೇ ದಿನಾ ಕನ್ನಡಿ ಮುಂದೆ ನಿಂತು ಮಾತಾಡಿ ಮಾತಾಡಿ ಅಭ್ಯಾಸ ಮಾಡುತ್ತಾರೆ. ರೀಡಿಂಗ್ ಬಗ್ಗೆ ಮಾತ್ರ "ಓದೋದು ತಾನೇ, ಆಗುತ್ತೆ ಬಿಡಿ" ಅನ್ನುವ ಧೈರ್ಯ. ಫಲಿತಾಂಶ ಬಂದಾಗ ನೋಡಿದರೆ ಸ್ಪೀಕಿಂಗ್ ಪಾಸು, ರೀಡಿಂಗ್ ಅರ್ಧ ಬ್ಯಾಂಡ್ (ಈ ಪರೀಕ್ಷೆಯ ಅಂಕದ ಮಟ್ಟ) ಕಡಿಮೆ.

ಹೀಗಾಗುವುದು ಇಂಗ್ಲಿಷ್ ಬರದೆ ಅಲ್ಲ. ಸಂಜೆ ಹೊತ್ತು ಹೇಳಿಸಿಕೊಳ್ಳಲು ಬರುವ ಹುಡುಗ ಹುಡುಗಿಯರಲ್ಲಿ ನಾನು ಮತ್ತೆ ಮತ್ತೆ ಕಾಣುವ ತೊಂದರೆಯೇ ಬೇರೆ. ಅವರು ಪ್ಯಾಸೇಜಿನಲ್ಲಿ, ಅಂದರೆ ಓದಲು ಕೊಟ್ಟ ಬರಹದಲ್ಲಿ, ಇರುವುದರ ಜೊತೆಗೆ ತಮಗೆ ಗೊತ್ತಿರುವುದನ್ನೂ ಸೇರಿಸಿ ಓದುತ್ತಾರೆ. ವಿಷಯ ಪರಿಚಿತವಾದಷ್ಟೂ ತಪ್ಪು ಜಾಸ್ತಿ. ಇದನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಪರೀಕ್ಷೆಯ ಅಳತೆ ತಿಳಿದುಕೊಳ್ಳಿ

ಐಇಎಲ್‌ಟಿಎಸ್‌ನಲ್ಲಿ ಎರಡು ಬಗೆ: ಅಕಾಡೆಮಿಕ್ ಮತ್ತು ಜನರಲ್ ಟ್ರೈನಿಂಗ್. ಓದಲು ಹೋಗುವವರು ಸಾಮಾನ್ಯವಾಗಿ ಅಕಾಡೆಮಿಕ್ ಬರೆಯುತ್ತಾರೆ. ವಲಸೆಗೆ, ಕೆಲವು ಬಗೆಯ ಕೆಲಸಕ್ಕೆ ಜನರಲ್ ಕೇಳುತ್ತಾರೆ. ಯಾವುದು ಬೇಕು, ಎಷ್ಟು ಬ್ಯಾಂಡ್ ಬೇಕು ಅನ್ನುವುದನ್ನು ನಿಮ್ಮನ್ನು ಕರೆಸಿಕೊಳ್ಳುವ ಕಾಲೇಜು ಅಥವಾ ನರ್ಸಿಂಗ್ ಕೌನ್ಸಿಲ್‌ನ ತಾಣದಲ್ಲೇ ನೋಡಿ. ಪಕ್ಕದ ಮನೆಯವರ ಮಗಳು ಮೂರು ವರ್ಷದ ಹಿಂದೆ ಹೋದಾಗ ಇದ್ದ ನಿಯಮ ಈಗ ಇರಬೇಕು ಅಂತಿಲ್ಲ.

ಎರಡರಲ್ಲೂ ರೀಡಿಂಗ್‌ಗೆ 60 ನಿಮಿಷ, 40 ಪ್ರಶ್ನೆ. ಒಂದು ಪ್ರಶ್ನೆಗೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಖಾಲಿ ಬಿಟ್ಟು ಬರುವುದು ಶುದ್ಧ ದಡ್ಡತನ. ಅಕಾಡೆಮಿಕ್‌ನಲ್ಲಿ ಮೂರು ಉದ್ದದ ಪ್ಯಾಸೇಜು, ಎಲ್ಲ ಸೇರಿ ಸುಮಾರು 2150ರಿಂದ 2750 ಪದ. ವಿಜ್ಞಾನ, ಇತಿಹಾಸ, ಪರಿಸರ, ಮನಶ್ಶಾಸ್ತ್ರ, ಏನು ಬೇಕಾದರೂ ಬರಬಹುದು. ಆದರೆ ಆ ವಿಷಯ ಮೊದಲೇ ಗೊತ್ತಿರಬೇಕಾಗಿಲ್ಲ. ಜನರಲ್‌ನಲ್ಲಿ ಮೊದಲ ಭಾಗ ಜಾಹೀರಾತು, ನೋಟಿಸ್, ವೇಳಾಪಟ್ಟಿಯಂಥ ಚಿಕ್ಕ ಚಿಕ್ಕ ಬರಹಗಳು. ಎರಡನೆಯದು ಕೆಲಸಕ್ಕೆ ಸಂಬಂಧಿಸಿದ್ದು. ಮೂರನೆಯದು ಒಂದು ಉದ್ದದ ಲೇಖನ.

ಬ್ಯಾಂಡ್ ಲೆಕ್ಕ ಪರೀಕ್ಷೆಯಿಂದ ಪರೀಕ್ಷೆಗೆ ಸ್ವಲ್ಪ ಆಚೀಚೆ ಆಗುತ್ತದೆ. ಸುಮಾರಾಗಿ ಹೇಳುವುದಾದರೆ ಅಕಾಡೆಮಿಕ್‌ನಲ್ಲಿ 40ಕ್ಕೆ 23 ಸರಿಯಾದರೆ 6, 30 ಸರಿಯಾದರೆ 7, 35 ಸರಿಯಾದರೆ 8. ಜನರಲ್‌ನ ಬರಹ ಸುಲಭ, ಹಾಗಾಗಿ ಅಳತೆ ಬಿಗಿ: 6ಕ್ಕೆ 30, 7ಕ್ಕೆ 34 ಬೇಕಾಗುತ್ತದೆ. "ಜನರಲ್ ಸುಲಭ" ಅಂತ ಹೇಳುವವರು ಈ ಎರಡನೇ ಮಾತು ಹೇಳುವುದಿಲ್ಲ.

ಈ ಅಂಕಿ ನೋಡಿದರೆ ಒಂದು ಸಮಾಧಾನವೂ ಇದೆ. ಅಕಾಡೆಮಿಕ್‌ನಲ್ಲಿ 7 ಬೇಕಾದವರು 10 ಪ್ರಶ್ನೆ ತಪ್ಪು ಮಾಡಬಹುದು. ಎಲ್ಲವನ್ನೂ ಅರ್ಥ ಮಾಡಿಕೊಂಡೇ ತೀರುತ್ತೇನೆ ಅನ್ನುವ ಹಟ ಬೇಡ. ಒಂದು ಪ್ರಶ್ನೆ ಹಿಡಿದುಕೊಂಡು ಐದು ನಿಮಿಷ ಗುದ್ದಾಡುವುದಕ್ಕಿಂತ ಏನೋ ಒಂದು ಬರೆದು ಮುಂದೆ ಹೋಗುವುದು ಲೇಸು.

ಪ್ಯಾಸೇಜನ್ನು ಯಾವ ಕ್ರಮದಲ್ಲಿ ಓದಬೇಕು

ಶಾಲೆಯಲ್ಲಿ ನಮಗೆ ಕಲಿಸಿದ್ದು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದು, ಆಮೇಲೆ ಪ್ರಶ್ನೆಗೆ ಬಾ ಅಂತ. ಇಲ್ಲಿ ಹಾಗೆ ಮಾಡಿದರೆ ಮೂರನೇ ಪ್ಯಾಸೇಜಿಗೆ ಹತ್ತು ನಿಮಿಷವೂ ಉಳಿಯುವುದಿಲ್ಲ.

ತಲೆಬರಹ ಓದಿ. ಅದರ ಕೆಳಗೆ ಒಂದು ಸಾಲು ಪರಿಚಯ ಇದ್ದರೆ ಅದನ್ನೂ ಓದಿ. ನಂತರ ಪ್ರತಿ ಪ್ಯಾರಾದ ಮೊದಲ ಒಂದೆರಡು ವಾಕ್ಯ, ಕೊನೆಯ ವಾಕ್ಯ. ಇಷ್ಟಕ್ಕೆ ಎರಡು ಮೂರು ನಿಮಿಷ ಸಾಕು. ಯಾವ ಪ್ಯಾರಾದಲ್ಲಿ ಯಾವ ವಿಚಾರ ಕೂತಿದೆ ಅಂತ ತಲೆಯಲ್ಲಿ ಒಂದು ನಕ್ಷೆ ಆದರೆ ಆಯಿತು. ವಿವರ ಬೇಡ.

ಈಗ ಪ್ರಶ್ನೆಗೆ ಹೋಗಿ. ಪ್ರಶ್ನೆ ಓದಿದಾಗ ಅದರಲ್ಲಿ ಬದಲಾಗದೇ ಇರುವ ಪದ ಯಾವುದು ಅಂತ ಹುಡುಕಿ. ಊರಿನ ಹೆಸರು, ವ್ಯಕ್ತಿಯ ಹೆಸರು, ಇಸವಿ, ಅಂಕಿ, ಗಿಡ ಪ್ರಾಣಿಗಳ ಹೆಸರು: ಇವನ್ನು ಪರೀಕ್ಷೆ ಮಾಡುವವರು ಬೇರೆ ಪದದಲ್ಲಿ ಹೇಳುವುದು ಕಷ್ಟ. ಅದೇ ಪದವನ್ನು ಪ್ಯಾಸೇಜಿನಲ್ಲಿ ಕಣ್ಣಿಂದ ಹುಡುಕಿ. ಕಾಫಿ ಹಣ್ಣು ಕುಯ್ಯುವವರು ಎಲೆ ಎಲೆ ನೋಡುತ್ತಾ ನಿಲ್ಲುವುದಿಲ್ಲ, ಕೆಂಪಗಿರುವುದರ ಮೇಲೆ ಮಾತ್ರ ಅವರ ಕಣ್ಣು. ಹಾಗೆ. ಆ ಪದ ಸಿಕ್ಕ ಜಾಗದಲ್ಲಿ ನಿಂತು, ಹಿಂದಿನ ಒಂದು ವಾಕ್ಯ, ಮುಂದಿನ ಎರಡು ವಾಕ್ಯ ಮಾತ್ರ ನಿಧಾನವಾಗಿ, ಅಕ್ಷರ ಅಕ್ಷರ ಓದಿ.

ಮಿಕ್ಕ ಪದಗಳೆಲ್ಲ ವೇಷ ಬದಲಿಸಿಕೊಂಡು ಬರುತ್ತವೆ. ಪ್ಯಾಸೇಜಿನಲ್ಲಿ "ಡಿಕ್ಲೈನ್ಡ್ ಶಾರ್ಪ್ಲಿ" ಅಂತಿದ್ದರೆ ಪ್ರಶ್ನೆಯಲ್ಲಿ "ಫೆಲ್ ರ‍್ಯಾಪಿಡ್ಲಿ" ಅಂತಿರುತ್ತದೆ. ಪ್ರಶ್ನೆಯಲ್ಲಿರುವ ಪದವೇ ಪ್ಯಾಸೇಜಿನಲ್ಲೂ ಹಾಗೆ ಹಾಗೇ ಕಂಡರೆ ಖುಷಿಪಡಬೇಡಿ, ಸ್ವಲ್ಪ ಅನುಮಾನ ಪಡಿ. ಬಹಳ ಸಲ ಅದು ಬಲೆ.

ಟ್ರೂ, ಫಾಲ್ಸ್, ನಾಟ್ ಗಿವನ್: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ಜಾಸ್ತಿ ಅಂಕ ಸೋರುವ ಜಾಗ ಇದೇ. ಹೇಳಿಕೆ ಕೊಡುತ್ತಾರೆ. ಪ್ಯಾಸೇಜು ಅದನ್ನೇ ಹೇಳಿದರೆ ಟ್ರೂ. ಅದಕ್ಕೆ ವಿರುದ್ಧವಾಗಿ ಹೇಳಿದರೆ ಫಾಲ್ಸ್. ಹೌದು ಅಂತಲೂ ಹೇಳಿಲ್ಲ, ಅಲ್ಲ ಅಂತಲೂ ಹೇಳಿಲ್ಲ ಅಂದರೆ ನಾಟ್ ಗಿವನ್.

ಕೇಳಲು ಸರಳ. ಮಾಡಿ ನೋಡೋಣ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರುವುದನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ. ಭಾಷೆಯ ತೊಡಕು ಇಲ್ಲದಿದ್ದಾಗಲೂ ಎಲ್ಲಿ ಎಡವುತ್ತೇವೆ ಅಂತ ಆಗ ಚೆನ್ನಾಗಿ ಕಾಣುತ್ತದೆ. ಈ ಪ್ಯಾರಾ ಓದಿ:

"ಕೊಡಗಿನಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ಕಾಫಿ ಬೆಳೆಯುತ್ತಾರೆ. ಹೆಚ್ಚಿನ ತೋಟಗಳು ದೊಡ್ಡ ಮರಗಳ ನೆರಳಿನಲ್ಲಿವೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಸುಮಾರು ಹತ್ತು ದಿನದಲ್ಲಿ ಗಿಡಗಳು ಹೂ ಬಿಡುತ್ತವೆ. ಕೆಲವು ಬೆಳೆಗಾರರು ಮಳೆಗೆ ಕಾಯದೆ ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸುತ್ತಾರೆ. ಬಿಳಿ ಕಾಂಡಕೊರಕ ಹುಳು ರೊಬಸ್ಟಾಗಿಂತ ಅರೇಬಿಕಾ ಗಿಡಗಳಿಗೆ ಹೆಚ್ಚು ಹಾನಿ ಮಾಡುತ್ತದೆ."

ಈಗ ನಾಲ್ಕು ಹೇಳಿಕೆ. ಕೆಳಗಿನ ಉತ್ತರ ನೋಡದೆ ನೀವೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

1. ಕಾಫಿ ತೋಟಗಳಲ್ಲಿ ನೆರಳಿಗಾಗಿ ಸಿಲ್ವರ್ ಓಕ್ ಮರ ಬೆಳೆಸುತ್ತಾರೆ.
2. ಗಿಡ ಹೂ ಬಿಡಲು ಎಲ್ಲ ಬೆಳೆಗಾರರೂ ಮಳೆಗೆ ಕಾಯುತ್ತಾರೆ.
3. ಬಿಳಿ ಕಾಂಡಕೊರಕದಿಂದ ರೊಬಸ್ಟಾಗೆ ಆಗುವ ನಷ್ಟ ಅರೇಬಿಕಾಗೆ ಆಗುವುದಕ್ಕಿಂತ ಕಡಿಮೆ.
4. ಅರೇಬಿಕಾಗಿಂತ ರೊಬಸ್ಟಾ ಬೆಳೆಯುವುದು ಸುಲಭ.

ಮೊದಲನೆಯದಕ್ಕೆ ನಮ್ಮ ಕಡೆಯ ಹತ್ತರಲ್ಲಿ ಎಂಟು ಜನ ಟ್ರೂ ಬರೆದರೂ ಆಶ್ಚರ್ಯವಿಲ್ಲ. ತೋಟಕ್ಕೆ ಹೋದರೆ ಕಣ್ಣಿಗೆ ಕಾಣುವುದೇ ಸಿಲ್ವರ್ ಓಕ್, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಆದರೆ ಪ್ಯಾರಾ ಹೇಳಿದ್ದು "ದೊಡ್ಡ ಮರಗಳು" ಅಂತ ಮಾತ್ರ. ಯಾವ ಮರ ಅಂತ ಹೇಳೇ ಇಲ್ಲ. ಉತ್ತರ ನಾಟ್ ಗಿವನ್.

ಎರಡನೆಯದು ಫಾಲ್ಸ್. "ಕೆಲವರು ಮಳೆಗೆ ಕಾಯದೆ" ಅನ್ನುವ ಮಾತು "ಎಲ್ಲರೂ ಕಾಯುತ್ತಾರೆ" ಅನ್ನುವುದನ್ನು ನೇರವಾಗಿ ಹೊಡೆದು ಹಾಕುತ್ತದೆ. ಮೂರನೆಯದು ಟ್ರೂ. ಪ್ಯಾರಾದಲ್ಲಿ ಅರೇಬಿಕಾಗೆ ಹೆಚ್ಚು ಅಂತಿದೆ, ಹೇಳಿಕೆಯಲ್ಲಿ ರೊಬಸ್ಟಾಗೆ ಕಡಿಮೆ ಅಂತಿದೆ. ಮಾತು ತಿರುಗಿಸಿದ್ದಾರೆ ಅಷ್ಟೇ, ಅರ್ಥ ಒಂದೇ.

ನಾಲ್ಕನೆಯದರಲ್ಲಿ ವಾದ ಶುರುವಾಗುತ್ತದೆ. ತೋಟದ ಮನೆಯಿಂದ ಬಂದ ಹುಡುಗನೊಬ್ಬ ಇಂಥದೇ ಹೇಳಿಕೆಗೆ ಟ್ರೂ ಹಾಕಿ ನನ್ನ ಜೊತೆ ಜಗಳಕ್ಕೇ ನಿಂತ.

"ಸರ್, ನಮ್ಮಪ್ಪ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ್ದೇ ಅದಕ್ಕೆ. ಅದು ನಿಜ ಅಲ್ವಾ?"

"ಇರಬಹುದಪ್ಪ. ಪ್ಯಾಸೇಜಿನಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು."

"ಹುಳು ಕಡಿಮೆ ಅಂತ ಇದೆಯಲ್ಲ ಸರ್. ಹುಳು ಕಡಿಮೆ ಅಂದ್ರೆ ಸುಲಭ ಅಂತ ತಾನೇ?"

ಅಲ್ಲಿಗೆ ಸಿಕ್ಕಿಬಿತ್ತು. ಹುಳು ಕಡಿಮೆ ಅಂತ ಬರೆದದ್ದು ಪ್ಯಾರಾ. ಸುಲಭ ಅಂತ ಸೇರಿಸಿದ್ದು ಅವನು. ರೊಬಸ್ಟಾಗೆ ನೀರು ಜಾಸ್ತಿ ಬೇಕಾಗಬಹುದು, ಕೂಲಿ ಖರ್ಚು ಹೆಚ್ಚಿರಬಹುದು, ಪ್ಯಾರಾ ಅದ್ಯಾವುದರ ಬಗ್ಗೆಯೂ ಬಾಯಿ ಬಿಟ್ಟಿಲ್ಲ. ನಾಟ್ ಗಿವನ್.

ಬೆರಳಿಟ್ಟು ತೋರಿಸುವುದು, ಇದೇ ನಾನು ಎಲ್ಲರಿಗೂ ಹೇಳುವ ಉಪಾಯ. ಟ್ರೂ ಅನ್ನಿಸಿದರೆ ಯಾವ ಪದಗಳ ಮೇಲೆ ನಿಮ್ಮ ಬೆರಳಿದೆ? ಫಾಲ್ಸ್ ಅನ್ನಿಸಿದರೂ ಬೆರಳಿಡಲು ಒಂದು ಜಾಗ ಇರಲೇಬೇಕು, ಅಲ್ಲಿ ಹೇಳಿಕೆಗೆ ಎದುರು ಮಾತಿರಬೇಕು. ಎರಡಕ್ಕೂ ಜಾಗ ಸಿಗದಿದ್ದರೆ ನಾಟ್ ಗಿವನ್ ಬರೆದು ಮುಂದೆ ಹೋಗಿ. ಹುಡುಕುತ್ತಾ ಕೂರಬೇಡಿ. ಇಲ್ಲದ್ದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಗಡಿಯಾರ ಮಾತ್ರ ಓಡುತ್ತದೆ.

ಹೇಳಿಕೆಯಲ್ಲಿ ಸಣ್ಣ ಸಣ್ಣ ಪದಗಳ ಮೇಲೆ ಕಣ್ಣಿಡಿ: ಆಲ್, ಓನ್ಲಿ, ಆಲ್ವೇಸ್, ನೆವರ್, ಮೋಸ್ಟ್, ಸಮ್, ಮೇ, ಮಸ್ಟ್. ಪ್ಯಾಸೇಜಿನ "ಮೇ" ಹೇಳಿಕೆಯಲ್ಲಿ "ವಿಲ್" ಆಗಿದ್ದರೆ ಅರ್ಥವೇ ಬದಲಾಯಿತು. ಹೋಲಿಕೆ ಬಂದರೆ ಇನ್ನೂ ಹುಷಾರು. ಎರಡು ವಸ್ತುಗಳ ಬಗ್ಗೆ ಪ್ಯಾಸೇಜು ಬೇರೆ ಬೇರೆಯಾಗಿ ಮಾತಾಡಿರುತ್ತದೆ, ಯಾವುದು ಹೆಚ್ಚು ಅಂತ ಎಲ್ಲೂ ಹೇಳಿರುವುದಿಲ್ಲ. ಹೇಳಿಕೆಯಲ್ಲಿ ಮಾತ್ರ ಒಂದಕ್ಕಿಂತ ಇನ್ನೊಂದು ಹೆಚ್ಚು ಅಂತ ಇರುತ್ತದೆ. ಅಂಥವು ಬಹುಪಾಲು ನಾಟ್ ಗಿವನ್.

ಒಂದು ಅನುಕೂಲ ಏನೆಂದರೆ, ಈ ಬಗೆಯ ಪ್ರಶ್ನೆಗಳು ಪ್ಯಾಸೇಜಿನ ಕ್ರಮದಲ್ಲೇ ಬರುತ್ತವೆ. ಮೂರನೇ ಪ್ರಶ್ನೆಯ ಉತ್ತರ ಸಿಕ್ಕಿದೆ, ಐದನೆಯದರದ್ದೂ ಸಿಕ್ಕಿದೆ ಅಂದರೆ ನಾಲ್ಕನೆಯದು ಅವೆರಡರ ನಡುವೆಯೇ ಇರಬೇಕು. ಅಲ್ಲಿ ಇಲ್ಲವೇ? ಹಾಗಾದರೆ ನಾಟ್ ಗಿವನ್ ಇರುವ ಸಾಧ್ಯತೆ ಜಾಸ್ತಿ.

ಇದರ ಅಣ್ಣತಮ್ಮ ಯೆಸ್, ನೋ, ನಾಟ್ ಗಿವನ್. ಟ್ರೂ ಫಾಲ್ಸ್ ಮಾಹಿತಿಯ ಬಗ್ಗೆ ಕೇಳಿದರೆ ಇದು ಬರೆದವರ ಅಭಿಪ್ರಾಯದ ಬಗ್ಗೆ ಕೇಳುತ್ತದೆ. ಪ್ಯಾಸೇಜಿನಲ್ಲಿ ಇನ್ಯಾರದೋ ಮಾತನ್ನು ಉದ್ಧರಿಸಿರಬಹುದು, ಅದು ಲೇಖಕರ ಅಭಿಪ್ರಾಯ ಅಲ್ಲ. ಯೆಸ್ ಕೇಳಿದ ಕಡೆ ಟ್ರೂ ಬರೆಯಬೇಡಿ. ಸೂಚನೆಯಲ್ಲಿ ಯಾವ ಪದ ಇದೆಯೋ ಅದನ್ನೇ ಬರೆಯಿರಿ.

ಪ್ಯಾರಾಗೆ ತಲೆಬರಹ ಹೊಂದಿಸುವುದು

ಪ್ಯಾರಾಗಳಿಗೆ ಎ, ಬಿ, ಸಿ ಅಂತ ಗುರುತು. ಪಕ್ಕದಲ್ಲಿ ತಲೆಬರಹಗಳ ಪಟ್ಟಿ. ಪ್ಯಾರಾಗಳಿಗಿಂತ ತಲೆಬರಹ ಜಾಸ್ತಿ ಇರುತ್ತವೆ, ಕೆಲವು ಉಳಿದುಬಿಡುತ್ತವೆ. ಇದರಲ್ಲೂ ಒಂದು ಉದಾಹರಣೆ ನೋಡಿ.

"ಒಂದು ಕಾಲಕ್ಕೆ ಕೊಡಗಿನ ಕಾಫಿ ತೋಟಗಳ ನಡುವೆ ಕಿತ್ತಳೆ ಮರ ಇಲ್ಲದ ಜಾಗವೇ ಇರಲಿಲ್ಲ. ಹಣ್ಣಿನ ಹೆಸರು ದೂರದವರೆಗೆ ಹಬ್ಬಿತ್ತು. ಅದಕ್ಕೆ ಜಿಐ (ಇದು ಈ ಊರಿನದೇ ಬೆಳೆ ಅನ್ನುವ) ಗುರುತೂ ಸಿಕ್ಕಿದೆ. ಆದರೆ ರೋಗ ತಗುಲಿ ಮರಗಳು ಒಂದೊಂದಾಗಿ ಒಣಗಿದವು. ಬೆಳೆಗಾರರು ಆ ಜಾಗದಲ್ಲಿ ಬೇರೆ ಬೆಳೆಗೆ ಹೋದರು. ಈಗ ಊರಿನ ಸಂತೆಯಲ್ಲೂ ಹೊರಗಿನಿಂದ ಬಂದ ಕಿತ್ತಳೆಯೇ ಹೆಚ್ಚು."

ತಲೆಬರಹಗಳು: "ಜಿಐ ಗುರುತಿನ ಲಾಭ", "ಹೆಸರು ಇದ್ದರೂ ಕಡಿಮೆಯಾದ ಬೆಳೆ", "ಕಿತ್ತಳೆ ರೋಗಕ್ಕೆ ಪರಿಹಾರ".

ಜಿಐ ಅನ್ನುವ ಪದ ಪ್ಯಾರಾದಲ್ಲಿ ಕಾಣುತ್ತದೆ, ಹಾಗಾಗಿ ಮೊದಲನೆಯದನ್ನು ಹಿಡಿಯುವವರು ಇದ್ದಾರೆ. ಆದರೆ ಲಾಭದ ಮಾತು ಎಲ್ಲಿದೆ? ರೋಗದ ಮಾತಿದೆ, ಪರಿಹಾರದ ಮಾತಿಲ್ಲ. ಇಡೀ ಪ್ಯಾರಾವನ್ನು ಹೊತ್ತು ನಿಲ್ಲುವುದು ಎರಡನೆಯದು ಮಾತ್ರ. ಒಂದು ವಾಕ್ಯಕ್ಕೆ ಹೊಂದುವ ತಲೆಬರಹ ತಪ್ಪು, ಎಲ್ಲ ವಾಕ್ಯಗಳನ್ನೂ ಒಳಗೊಳ್ಳುವುದು ಸರಿ. ಪ್ಯಾರಾದ ನಡುವೆ "ಬಟ್", "ಹೌಎವರ್" ಬಂದರೆ ಅಲ್ಲಿ ನಿಲ್ಲಿ. ಮೇಲಿನ ಪ್ಯಾರಾದಲ್ಲಿ "ಆದರೆ" ಬಂದ ಮೇಲೆ ತಾನೇ ನಿಜವಾದ ವಿಷಯ ಶುರುವಾದದ್ದು?

ಪ್ಯಾಸೇಜಿನಲ್ಲಿ ಈ ಬಗೆ ಇದ್ದರೆ ಇದನ್ನೇ ಮೊದಲು ಮಾಡಿ ಅಂತ ನನ್ನ ಸಲಹೆ. ಹೇಗೂ ಪ್ರತಿ ಪ್ಯಾರಾದ ಸಾರ ಹಿಡಿಯುತ್ತೀರಿ, ಉಳಿದ ಪ್ರಶ್ನೆಗೆ ನಕ್ಷೆ ಸಿಕ್ಕಿದ ಹಾಗಾಗುತ್ತದೆ. "ಈ ಮಾಹಿತಿ ಯಾವ ಪ್ಯಾರಾದಲ್ಲಿದೆ" ಅಂತ ಕೇಳುವುದು ಬೇರೆ ಬಗೆ. ಅದು ಸಣ್ಣ ವಿವರವನ್ನು ಕೇಳುತ್ತದೆ, ಕ್ರಮದಲ್ಲಿ ಬರುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಪ್ಯಾಸೇಜು ಅರ್ಧ ಬಾಯಿಪಾಠ ಆಗಿರುತ್ತದೆ.

ಖಾಲಿ ಜಾಗ ತುಂಬುವುದು

ವಾಕ್ಯ, ಸಾರಾಂಶ, ಕೋಷ್ಟಕ, ಚಿತ್ರ, ಯಾವುದರಲ್ಲಿ ಬಂದರೂ ನಿಯಮ ಒಂದೇ. ಸೂಚನೆಯಲ್ಲಿ ಎಷ್ಟು ಪದ ಅಂತ ಹೇಳಿರುತ್ತಾರೆ. ಎರಡಕ್ಕಿಂತ ಹೆಚ್ಚು ಬೇಡ ಅಂದ ಕಡೆ ಮೂರು ಪದ ಬರೆದರೆ, ಉತ್ತರ ಎಷ್ಟೇ ಸರಿಯಿದ್ದರೂ ಸೊನ್ನೆ. ನಡುಗೆರೆ ಹಾಕಿ ಜೋಡಿಸಿದ ಪದ ಒಂದೇ ಪದ. ಪ್ಯಾಸೇಜಿನಿಂದ ಪದ ತೆಗೆದು ಬರೆಯಿರಿ ಅಂದಿದ್ದರೆ ಅಲ್ಲಿದ್ದ ಹಾಗೆಯೇ ಬರೆಯಿರಿ, ರೂಪ ಬದಲಿಸಬೇಡಿ.

ಸ್ಪೆಲಿಂಗ್ ತಪ್ಪಿದರೆ ಅಂಕ ಹೋಯಿತು. ಬ್ರಿಟಿಷ್ ಸ್ಪೆಲಿಂಗ್, ಅಮೆರಿಕನ್ ಸ್ಪೆಲಿಂಗ್ ಎರಡೂ ನಡೆಯುತ್ತದೆ. ಪದ ಕಣ್ಣೆದುರೇ ಇರುತ್ತದೆ, ನೋಡಿ ಬರೆಯುವುದರಲ್ಲಿ ತಪ್ಪಿಸಿಕೊಳ್ಳುವುದು ಅಂದರೆ ಹೊಟ್ಟೆ ಉರಿಯುವ ವಿಷಯ. ಏಕವಚನ ಬಹುವಚನವನ್ನೂ ನೋಡಿ. ಕೊನೆಯ ಒಂದು "ಎಸ್" ಬಿಟ್ಟು ಅಂಕ ಕಳೆದುಕೊಂಡವರು ತುಂಬಾ ಜನ.

ಉತ್ತರ ಹುಡುಕುವ ಮೊದಲು ಖಾಲಿ ಜಾಗದಲ್ಲಿ ಏನು ಕೂರಬಹುದು ಅಂತ ಊಹಿಸಿ. ಹೆಸರೇ, ಅಂಕಿಯೇ, ಗುಣವೇ? "ಹೂಮಳೆ ಬಿದ್ದು ಸುಮಾರು ___ ನಂತರ ಗಿಡ ಹೂ ಬಿಡುತ್ತದೆ" ಅಂದರೆ ಅಲ್ಲಿಗೆ ಕಾಲದ ಲೆಕ್ಕವೇ ಬರಬೇಕು. ಹಾಗೆ ಗೊತ್ತಾದರೆ ಕಣ್ಣು ನೇರವಾಗಿ "ಹತ್ತು ದಿನ"ದ ಮೇಲೆ ಹೋಗುತ್ತದೆ.

ಮಲ್ಟಿಪಲ್ ಚಾಯ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮಗೆಲ್ಲ ಅಭ್ಯಾಸ ಇದೆ. ಇಷ್ಟು ಮಾತ್ರ: ನಾಲ್ಕು ಆಯ್ಕೆ ಓದುವ ಮೊದಲು ಪ್ಯಾಸೇಜಿನಲ್ಲಿ ಉತ್ತರ ಹುಡುಕಿ. ಆಯ್ಕೆಗಳನ್ನು ಮೊದಲು ಓದಿದರೆ ನಾಲ್ಕೂ ಸರಿ ಅನ್ನಿಸುತ್ತದೆ.

ಗೊತ್ತಿಲ್ಲದ ಪದ ಬಂದರೆ

ಬಂದೇ ಬರುತ್ತದೆ. ಹೆದರಬೇಡಿ. ನಮ್ಮ ಕಡೆಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ, ಶಾಲೆಯಲ್ಲಿ ಕನ್ನಡ, ಗೋಣಿಕೊಪ್ಪದ ಸಂತೆಯಲ್ಲಿ ಮಲಯಾಳಂ, ತೋಟದ ಕೆಲಸಕ್ಕೆ ಬಂದವರ ಜೊತೆ ಇನ್ನೊಂದು. ಅರ್ಧ ಗೊತ್ತಿರುವ ಭಾಷೆಯಲ್ಲಿ ಪೂರ್ತಿ ವ್ಯವಹಾರ ಮುಗಿಸುವುದು ನಮಗೆ ಹೊಸದೇನಲ್ಲ. ಅದೇ ಧೈರ್ಯ ಇಲ್ಲೂ ಬೇಕು.

ಪ್ಯಾಸೇಜಿನಲ್ಲಿ "ಭತ್ತವನ್ನು ವರ್ಷ ವರ್ಷ ಬಿತ್ತಬೇಕು, ಅದರ ಹಾಗಲ್ಲದೆ ಕಾಫಿ ಪೆರೆನಿಯಲ್" ಅನ್ನುವ ಅರ್ಥದ ವಾಕ್ಯ ಬಂತು ಅಂದುಕೊಳ್ಳಿ. ಪೆರೆನಿಯಲ್ ಗೊತ್ತಿಲ್ಲ. "ಅದರ ಹಾಗಲ್ಲದೆ" ಅಂತ ಇದೆಯಲ್ಲ, ಅಲ್ಲಿಗೆ ವರ್ಷ ವರ್ಷ ನೆಡಬೇಕಾಗಿಲ್ಲ ಅಂತ ಆಯಿತು. ಸಾಕು, ಮುಂದೆ ಹೋಗಿ. ಇಂಥ ಸುಳಿವು ಕೊಡುವ ಪದಗಳು ನಾಲಿಗೆ ತುದಿಯಲ್ಲಿರಬೇಕು: ಅನ್‌ಲೈಕ್, ಆಲ್‌ದೋ, ಡಿಸ್ಪೈಟ್, ವೇರ್‌ಆಸ್, ದೇರ್‌ಫೋರ್, ಸಚ್ ಆಸ್. ನೂರಾರು ಕಷ್ಟದ ಪದ ಉರು ಹೊಡೆಯುವುದಕ್ಕಿಂತ ಇಂಥ ಮೂವತ್ತು ಪದ ಗಟ್ಟಿ ಮಾಡಿಕೊಂಡವರಿಗೆ ಲಾಭ ಹೆಚ್ಚು. ಮತ್ತೆ, ಗೊತ್ತಿಲ್ಲದ ಪದ ಇರುವ ವಾಕ್ಯದ ಮೇಲೆ ಪ್ರಶ್ನೆಯೇ ಇಲ್ಲದಿದ್ದರೆ ಅದರ ಗೊಡವೆ ಬೇಡ.

60 ನಿಮಿಷವನ್ನು ಹಂಚುವುದು

ಅಕಾಡೆಮಿಕ್‌ನಲ್ಲಿ ಮೂರು ಪ್ಯಾಸೇಜಿಗೆ ಇಪ್ಪತ್ತು ಇಪ್ಪತ್ತು ನಿಮಿಷ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲನೆಯದು ಸಾಮಾನ್ಯವಾಗಿ ಸುಲಭ, ಮೂರನೆಯದು ಕಷ್ಟ. 17, 20, 23 ಅಂತ ಇಟ್ಟುಕೊಳ್ಳಿ. ಜನರಲ್ ಬರೆಯುವವರು ಮೊದಲೆರಡು ಭಾಗ ಇನ್ನೂ ಬೇಗ ಮುಗಿಸಿ ಕೊನೆಯ ಲೇಖನಕ್ಕೆ ಸಮಯ ಉಳಿಸಿಕೊಳ್ಳಬೇಕು.

ನಿಮ್ಮ ಪರೀಕ್ಷೆ ಪೇಪರಿನಲ್ಲಿದ್ದರೆ ಒಂದು ಎಚ್ಚರಿಕೆ. ಲಿಸನಿಂಗ್‌ನಲ್ಲಿ ಉತ್ತರಗಳನ್ನು ಹಾಳೆಗೆ ಇಳಿಸಲು ಹತ್ತು ನಿಮಿಷ ಹೆಚ್ಚು ಕೊಡುತ್ತಾರೆ. ರೀಡಿಂಗ್‌ನಲ್ಲಿ ಕೊಡುವುದಿಲ್ಲ. ಪ್ರಶ್ನೆಪತ್ರಿಕೆಯ ಮೇಲೆ ಬರೆದುಕೊಂಡು "ಕೊನೆಗೆ ಇಳಿಸ್ತೀನಿ" ಅಂದರೆ ಕೈ ಸುಟ್ಟುಕೊಳ್ಳುತ್ತೀರಿ. ನೇರವಾಗಿ ಉತ್ತರದ ಹಾಳೆಯಲ್ಲೇ ಬರೆಯಿರಿ. ಕಂಪ್ಯೂಟರಿನಲ್ಲಿ ಈ ತಾಪತ್ರಯ ಇಲ್ಲ. ಎಡಕ್ಕೆ ಪ್ಯಾಸೇಜು, ಬಲಕ್ಕೆ ಪ್ರಶ್ನೆ, ಪರದೆಯ ಮೇಲೇ ಗಡಿಯಾರ. ಪದಗಳಿಗೆ ಬಣ್ಣ ಹಚ್ಚಬಹುದು, ಟಿಪ್ಪಣಿ ಹಾಕಿಕೊಳ್ಳಬಹುದು.

ಅಭ್ಯಾಸ, ನಮ್ಮ ಮಳೆ ಮತ್ತು ಕುಯ್ಲಿನ ನಡುವೆ

ತೋಟದ ಮನೆಯವರು ಡಿಸೆಂಬರಿನಿಂದ ಫೆಬ್ರವರಿವರೆಗೆ ಪರೀಕ್ಷೆ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಕುಯ್ಲಿನ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಕಣದಲ್ಲಿ ಕಾಫಿ ಹರಡುವುದು, ಸಂಜೆ ಕೂಲಿ ಲೆಕ್ಕ ಬರೆಯುವುದು, ಇದರ ನಡುವೆ ಒಂದು ಗಂಟೆ ಒಂದೇ ಸಮ ಓದುವುದು ಆಗದ ಮಾತು. ಜೂನ್‌ನಿಂದ ಆಗಸ್ಟ್ ಓದಲು ಚೆನ್ನಾಗಿದೆ. ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಆದರೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ನಾಲ್ಕಾರು ಅಭ್ಯಾಸ ಪ್ಯಾಸೇಜುಗಳನ್ನು ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಪರೀಕ್ಷೆ ನಡೆಸುವವರೇ ತಮ್ಮ ತಾಣದಲ್ಲಿ ಪುಕ್ಕಟೆ ಮಾದರಿ ಕೊಡುತ್ತಾರೆ. ಮೊದಲು ಅದನ್ನು ಮಾಡಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಈ ಸಲ ಬರೋ ಪ್ಯಾಸೇಜ್" ಅಂತ ಹಂಚುವ ಪಿಡಿಎಫ್ ನಂಬಬೇಡಿ, ದುಡ್ಡು ಕೊಟ್ಟು ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ದಿನಾ ಓದಲು ಇಂಗ್ಲಿಷ್ ಪತ್ರಿಕೆಯ ವಿಜ್ಞಾನ, ಪರಿಸರದ ಪುಟ ಸಾಕು. ಮನೆಗೆ ಕಾಫಿ ಬೋರ್ಡಿನ ಇಂಗ್ಲಿಷ್ ಪತ್ರಿಕೆ ಬರುತ್ತಿದ್ದರೆ ಅದನ್ನೂ ಓದಿ. ಗೊತ್ತಿರುವ ವಿಷಯ, ಗೊತ್ತಿಲ್ಲದ ಇಂಗ್ಲಿಷ್. ಒಂದು ಲೇಖನ ಓದಿ ಮುಗಿಸಿದ ಮೇಲೆ ನೀವೇ ಮೂರು ಹೇಳಿಕೆ ಬರೆಯಿರಿ: ಒಂದು ಟ್ರೂ, ಒಂದು ಫಾಲ್ಸ್, ಒಂದು ನಾಟ್ ಗಿವನ್. ಮೂರನೆಯದನ್ನು ಬರೆಯಲು ಕೂತಾಗಲೇ ಪ್ರಶ್ನೆ ಮಾಡುವವರ ತಲೆ ಹೇಗೆ ಓಡುತ್ತದೆ ಅಂತ ತಿಳಿಯುವುದು.

ಎಲ್ಲಕ್ಕಿಂತ ಮುಖ್ಯ ಒಂದು ತಪ್ಪಿನ ನೋಟ್‌ಬುಕ್. ಸುಮ್ನೆ ಅಂಕ ಎಣಿಸಿ ಬದಿಗಿಟ್ಟರೆ ಏನೂ ಕಲಿಯುವುದಿಲ್ಲ. ತಪ್ಪಾದ ಪ್ರತಿ ಪ್ರಶ್ನೆಗೂ ಯಾವ ಬಗೆ, ಉತ್ತರ ಯಾವ ಸಾಲಿನಲ್ಲಿತ್ತು, ಯಾಕೆ ತಪ್ಪಿತು ಅಂತ ಒಂದೇ ಸಾಲಿನಲ್ಲಿ ಬರೆಯಿರಿ. "ಜಾಗ ಸಿಗಲಿಲ್ಲ", "ಜಾಗ ಸಿಕ್ಕಿತು, ಸಣ್ಣ ಪದ ನೋಡಲಿಲ್ಲ", "ನಾನೇ ಸೇರಿಸಿಕೊಂಡೆ". ಎರಡು ವಾರ ಬರೆದ ಮೇಲೆ ತಿರುವಿ ನೋಡಿ. ಯಾವ ಮಾತು ಜಾಸ್ತಿ ಸಲ ಬಂದಿದೆಯೋ ಮುಂದಿನ ವಾರ ಅದರ ಮೇಲೆ ಮಾತ್ರ ಕೆಲಸ ಮಾಡಿ.

ಕಂಪ್ಯೂಟರಿನಲ್ಲಿ ಬರೆಯುವವರು ಮೊಬೈಲ್ ಮೇಲೆ ಮಾತ್ರ ಅಭ್ಯಾಸ ಮಾಡಿದರೆ ಸಾಲದು. ದೊಡ್ಡ ಪರದೆಯಲ್ಲಿ, ಮೌಸ್ ಹಿಡಿದು, ಒಂದು ಗಂಟೆ ಎದ್ದೇಳದೆ ಕೂತು ಕೆಲವು ಪೂರ್ತಿ ಪರೀಕ್ಷೆ ಬರೆಯಿರಿ. ಮನೆಯಲ್ಲಿ ಇಲ್ಲದಿದ್ದರೆ ಗೆಳೆಯರ ಲ್ಯಾಪ್‌ಟಾಪ್ ಎರವಲು ಕೇಳಿ.

ಪರೀಕ್ಷೆಯ ದಿನ

ಬುಕ್ ಮಾಡುವಾಗ ಮೈಸೂರು, ಮಂಗಳೂರು, ಬೆಂಗಳೂರು, ಇವುಗಳಲ್ಲಿ ಯಾವ ಊರಿನ ದಿನಾಂಕ ಸಿಗುತ್ತದೆ ನೋಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ, ಬಸ್ಸೋ ಕಾರೋ ಆಗಬೇಕು. ಬೆಳಗಿನ ಹೊತ್ತಿನ ಪರೀಕ್ಷೆ ಆದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಮಳೆಗಾಲದಲ್ಲಿ ಮಂಗಳೂರು ಆರಿಸಿಕೊಂಡವರು ಸಂಪಾಜೆ ಘಾಟಿಯನ್ನು ನೆನಪಿಟ್ಟುಕೊಳ್ಳಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆ ಎಷ್ಟು ದಿನ ಬಂದ್ ಆಗಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಗುರುತಿಗೆ ಪಾಸ್‌ಪೋರ್ಟೇ ಬೇಕು, ಬುಕ್ ಮಾಡಿದಾಗ ಕೊಟ್ಟ ಅದೇ ಪಾಸ್‌ಪೋರ್ಟ್. ಆಧಾರ್ ತೋರಿಸಿದರೆ ಒಳಗೆ ಬಿಡುವುದಿಲ್ಲ. ಲಿಸನಿಂಗ್, ರೀಡಿಂಗ್, ರೈಟಿಂಗ್ ಮೂರೂ ಬಿಡುವಿಲ್ಲದೆ ಒಂದರ ಹಿಂದೆ ಒಂದು ನಡೆಯುತ್ತವೆ. ಬೆಳಿಗ್ಗೆ ಹೊಟ್ಟೆಗೆ ಸರಿಯಾಗಿ ಹಾಕಿಕೊಂಡೇ ಹೋಗಿ. ಸ್ಪೀಕಿಂಗ್ ಅದೇ ದಿನ ಇರಬಹುದು, ಬೇರೆ ದಿನವೂ ಇರಬಹುದು.

ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಉಳಿದ ಮೂರೂ ಚೆನ್ನಾಗಿ ಬಂದು ರೀಡಿಂಗ್ ಒಂದೇ ಕೈಕೊಟ್ಟರೆ, ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಅದೊಂದನ್ನೇ ಮತ್ತೆ ಬರೆಯುವ ಅವಕಾಶ ಇದೆ. ಅದಕ್ಕೆ ಒನ್ ಸ್ಕಿಲ್ ರಿಟೇಕ್ ಅಂತ ಹೆಸರು. ಆದರೆ ಎಲ್ಲ ಕಾಲೇಜು, ಎಲ್ಲ ಕೌನ್ಸಿಲ್ ಅದನ್ನು ಒಪ್ಪುವುದಿಲ್ಲ. ದುಡ್ಡು ಕಟ್ಟುವ ಮೊದಲು ನೀವು ಅರ್ಜಿ ಹಾಕುವ ಜಾಗಕ್ಕೆ ಒಂದು ಇಮೇಲ್ ಕಳಿಸಿ, ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ.